ಮೊಲದ ಹಿಕ್ಕೆ ಎಣಿಸುವ ಟೀಚರು

ಮೊನ್ನೆ ಹಂಚು ಸರಿಮಾಡಲು ಬಂದ ಆಚಾರಿ, ಅಟ್ಟದ ಮೇಲಿನ ಗುಜರಿಯನ್ನೆಲ್ಲ ಒಂದು ಬದಿಗೆ ಸರಿಸುತ್ತಿದ್ದವನು, ಅಡಿಕೆ ಮರದ ಸಲಾಕೆಗಳಿಂದ ಮಾಡಿದ ಒಂದು ಚೌಕವನ್ನು ಎತ್ತಿ ಹಿಡಿದು ಅದರೊಳಗಿಂದ ಮುಖ ತೂರಿಸಿ ಕೇಳಿದ:

“ಇದು ಯಾವ ಕಿಟಕಿಯದ್ದು ಅಮ್ಮಾ?”

ಕಿಟಕಿಯದ್ದಲ್ಲ ಎಂದೆ.

“ಮತ್ತೆ ಎಂತದ್ದು?”

ನೋಡಿ, ಇಂಥ ಪ್ರಶ್ನೆಗೆ ನಿಜ ಹೇಳಿದರೆ ಮರ್ಯಾದೆ ಉಳಿಯುವುದಿಲ್ಲ. ಮೊಲದ ಹಿಕ್ಕೆ ಎಣಿಸುವ ಚೌಕ ಎಂದರೆ ಆಚಾರಿ ಮರುದಿನ ಕೆಲಸಕ್ಕೆ ಬರುತ್ತಾನೆಂಬ ಧೈರ್ಯ ನನಗಿರಲಿಲ್ಲ. ಅರ್ಧ ಮಾಡಿನ ಹಂಚು ಇಳಿಸಿಟ್ಟಾಗಿತ್ತು ಬೇರೆ. ಹಪ್ಪಳ ಒಣಗಿಸುವುದು ಎಂದುಬಿಟ್ಟೆ. ಅವನು ತಲೆಯಾಡಿಸಿ ಅದನ್ನು ಗೋಡೆಗೆ ಒರಗಿಸಿದ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ನಾಲ್ಕು ಮೂಲೆಗೆ ತಾಮ್ರದ ತಂತಿಯ ಬಿಗಿತ. ಒಳಗೆ ಅಡ್ಡಕ್ಕೂ ಉದ್ದಕ್ಕೂ ಹುರಿ ಕಟ್ಟಿದ್ದೆ, ಅದು ಯಾವಾಗಲೋ ಇಲಿಗಳ ಪಾಲಾಗಿದೆ. ಹತ್ತು ಹನ್ನೆರಡು ವರ್ಷದಿಂದ ನಾನು ಆ ಚೌಕದ ಮುಖ ನೋಡಿರಲಿಲ್ಲ. ಅದೇ ನನ್ನನ್ನು ನೋಡಿ ಗುರುತು ಹಿಡಿದ ಹಾಗೆ ಗೋಡೆಗೆ ಒರಗಿ ನಿಂತಿತು.

ಎಣಿಸುವುದು ನನಗೆ ಹುಟ್ಟಿನಿಂದ ಬಂದ ಚಟ. ಪುತ್ತೂರಿನ ದರ್ಬೆಯಲ್ಲಿ ನಮ್ಮ ಮನೆ ಆಗಲೂ ಹೀಗೆಯೇ ರಸ್ತೆಯ ಪಕ್ಕದಲ್ಲಿತ್ತು. ಜಗಲಿಯಲ್ಲಿ ಕೂತು ಸಂಪಾಜೆ ಘಾಟಿ ಇಳಿದು ಬರುವ ಮರದ ಲಾರಿಗಳನ್ನು ಎಣಿಸುತ್ತಿದ್ದೆ. ಲಾರಿ ಇಲ್ಲದಿದ್ದರೆ ಲಾರಿಯ ಧೂಳಿಗೆ ಕೆಮ್ಮುವವರನ್ನು ಎಣಿಸುತ್ತಿದ್ದೆ. ಊಟಕ್ಕೆ ಕೂತ ನೆಂಟರನ್ನು ಎಣಿಸಿದ್ದಕ್ಕೆ ಅಜ್ಜಿ ಒಮ್ಮೆ ಸೌಟಿನ ಹಿಡಿಯಲ್ಲಿ ಕುಟ್ಟಿದ್ದರು. ಉಣ್ಣುವವರನ್ನು ಎಣಿಸಿದರೆ ಅವರಿಗೆ ಒಳ್ಳೆಯದಾಗುವುದಿಲ್ಲವಂತೆ. ನನಗೆ ಒಳ್ಳೆಯದಾಗಲಿಲ್ಲ, ಅಷ್ಟಂತೂ ನಿಜ.

ಆಗ ದರ್ಬೆಯ ಹಿಂದಿನ ಗುಡ್ಡಗಳ ತುಂಬ ಮುಳಿಹುಲ್ಲು. ಮನೆಯ ಮಾಡಿಗೆ ಹೊದಿಸುವ ಹುಲ್ಲು ಅದು. ಮಳೆ ಮುಗಿದ ಮೇಲೆ ಎದೆಯೆತ್ತರ ಬೆಳೆದು ಹೊಂಬಣ್ಣಕ್ಕೆ ತಿರುಗುತ್ತಿತ್ತು. ಕಟಾವು ಆದ ಇಳಿಜಾರಿನಲ್ಲಿ ನಾವು ಅಡಿಕೆ ಹಾಳೆಯ ಮೇಲೆ ಕೂತು ಜಾರುತ್ತಿದ್ದೆವು. ಲಂಗದ ಹಿಂಭಾಗ ಹರಿದುಕೊಂಡು ಬಂದು ಪೆಟ್ಟು ತಿನ್ನುತ್ತಿದ್ದೆವು. ಹಾಳೆ ಜಾರುವಾಗ ಹುಲ್ಲಿನ ಬುಡದಿಂದ ಮೊಲವೊಂದು ಚಂಗನೆ ಹಾರಿ ಓಡಿದರೆ ಆ ದಿನದ ಸಂತೋಷಕ್ಕೆ ಎಣೆಯಿಲ್ಲ. ಒಂದು ವರ್ಷ ಅಜ್ಜಿ ಗುಡ್ಡದಿಂದ ಬರುವಾಗ ಬಿಳಿಯ ಹೂವಿನ ಒಂದು ಗೆಲ್ಲು ತಂದು, “ಇದು ಎಂತ ಗಿಡ ಮಾರಾಯ್ತಿ, ನಾನು ನೋಡಿದ್ದೇ ಇಲ್ಲ,” ಎಂದು ಅಮ್ಮನಿಗೆ ತೋರಿಸಿದರು. ಅದು ಕಮ್ಯುನಿಸ್ಟ್ ಗಿಡ. ಅದಕ್ಕೆ ನಾಲಗೆ ಹೊರಳದ ಲ್ಯಾಟಿನ್ ಹೆಸರೊಂದಿದೆ, ಆದರೆ ಊರಿನವರು ಇಟ್ಟ ಹೆಸರೇ ಗಟ್ಟಿಯಾಯಿತು. ಕೇರಳದ ಕಡೆಯಿಂದ ಬಂತೆಂದು ಆ ಹೆಸರು ಎನ್ನುವವರಿದ್ದಾರೆ. ಧಣಿಯ ಗುಡ್ಡ, ಒಕ್ಕಲಿನ ಗುಡ್ಡ ಎಂಬ ಭೇದವಿಲ್ಲದೆ ಹಬ್ಬಿತೆಂದು ಎನ್ನುವವರೂ ಇದ್ದಾರೆ. ಬೇಸಿಗೆಯಲ್ಲಿ ಅದರ ಬೀಜ ಹತ್ತಿಯ ಎಳೆಯ ಹಾಗೆ ಗಾಳಿಯಲ್ಲಿ ಹಾರುತ್ತದೆ. ನಾನು ಕಾಲೇಜು ಮುಗಿಸುವ ಹೊತ್ತಿಗೆ ಜಾರಲು ಒಂದು ಇಳಿಜಾರೂ ಉಳಿದಿರಲಿಲ್ಲ.

ಹೀಗಾಗಿ, ಎಪ್ಪತ್ತರ ದಶಕದ ನಡುವಿನಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದಾಗ, ನನ್ನ ಗುರುಗಳು “ಏನು ಮಾಡುತ್ತೀಯಮ್ಮ?” ಎಂದರೆ ನಾನು ಹಿಂದುಮುಂದು ನೋಡದೆ ಹೇಳಿದೆ. ಈ ಗಿಡವನ್ನು ಕಿತ್ತುಹಾಕಿದರೆ ಮುಳಿ ತಾನಾಗಿಯೇ ಬರುತ್ತದೆಯೇ? ಮುಳಿ ಬಂದರೆ ಮೊಲ ಬರುತ್ತದೆಯೇ? ಗುರುಗಳು ಒಳ್ಳೆಯವರು, ಲೆಕ್ಕದಲ್ಲಿ ಮಾತ್ರ ಕಲ್ಲು. ಮೂರು ಮಳೆಗಾಲ ನೋಡಬೇಕು ಎಂದರು. ಹತ್ತು ತುಂಡು ಜಾಗ ಗುರುತು ಮಾಡಬೇಕು, ಐದರಲ್ಲಿ ಗಿಡ ಕೀಳಬೇಕು, ಇನ್ನೈದನ್ನು ಮುಟ್ಟಲೇಬಾರದು ಎಂದರು. ಮುಟ್ಟದ ಐದು ಇಲ್ಲದಿದ್ದರೆ ಕಿತ್ತ ಐದಕ್ಕೆ ಅರ್ಥವೇ ಇಲ್ಲ. ಮೊಲ ಬಂದದ್ದು ನೀನು ಕಿತ್ತದ್ದರಿಂದಲೋ, ಆ ವರ್ಷ ಎಲ್ಲ ಕಡೆ ಮೊಲ ಹೆಚ್ಚಾದದ್ದರಿಂದಲೋ ಎಂದು ಹೇಗೆ ಹೇಳುತ್ತೀ? ಇದನ್ನು ಅವರು ನನಗೆ ಮೂರು ಸಲ ಹೇಳಿದರು. ಹೇಳಬೇಕಾದವರಿಗೆ ನಾನು ಒಂದು ಸಲವೂ ಹೇಳಲಿಲ್ಲ, ಅದು ಮುಂದೆ ಬರುತ್ತದೆ.

ಕಡಬದಿಂದ ಮೂರು ಮೈಲಿ ಒಳಗೆ ನೆಕ್ಕಿಪದವು ಎಂಬ ಜಾಗ ಸಿಕ್ಕಿತು. ಪದವು ಎಂದರೆ ಮುರಕಲ್ಲಿನ, ಕೆಂಪು ಜಂಬಿಟ್ಟಿಗೆಯ ಬಯಲು, ಗುಡ್ಡದ ನೆತ್ತಿಯನ್ನು ಯಾರೋ ಕತ್ತಿಯಲ್ಲಿ ಸವರಿದ ಹಾಗೆ. ಒಂದು ಕಾಲಕ್ಕೆ ಪೂರ್ತಿ ಮುಳಿಯಿದ್ದ ಪದವು. ನಾನು ಹೋಗುವಾಗ ಮುಕ್ಕಾಲು ಭಾಗ ಆ ಗಿಡವೇ. ಹತ್ತು ತುಂಡು ಗುರುತು ಮಾಡಿ ಮೂಲೆಗಳಿಗೆ ಮುರಕಲ್ಲು ನಟ್ಟೆ. ತಿಂಗಳಿಗೊಮ್ಮೆ ಪ್ರತಿ ತುಂಡಿನಲ್ಲೂ ಹತ್ತು ಕಡೆ ಚೌಕ ಇಟ್ಟು, ಅದರೊಳಗೆ ಮುಳಿಯ ಬುಡ ಎಷ್ಟು, ಮೊಲದ ಹಿಕ್ಕೆ ಎಷ್ಟು ಎಂದು ಎಣಿಸಿ ಬರೆಯುವುದು. ಎಣಿಸಿದ ಹಿಕ್ಕೆಯನ್ನು ಹೆಕ್ಕಿ ಹೊರಗೆಸೆಯುವುದು, ಇಲ್ಲದಿದ್ದರೆ ಬರುವ ತಿಂಗಳು ಅದನ್ನೇ ಮತ್ತೆ ಎಣಿಸಿದ ಹಾಗಾಗುತ್ತದೆ. ಮಿಕ್ಕ ದಿನಗಳಲ್ಲಿ ಗಿಡ ಕೀಳುವುದು. ಅದು ಬೇರು ಉಳಿದರೆ ಮತ್ತೆ ಚಿಗುರುವ ಜಾತಿ, ಒಂದೊಂದನ್ನೂ ಬುಡ ಸಮೇತ ಎಬ್ಬಿಸಬೇಕು. ಇದಕ್ಕಾಗಿ ನನ್ನ ಅಪ್ಪ ನನ್ನನ್ನು ಹದಿನೇಳು ವರ್ಷ ಓದಿಸಿದ್ದರು.

ಆ ಕಾಲದಲ್ಲಿ ಊರಿಗೆ ಯಾರಾದರೂ ಅಳತೆಯ ಸಾಮಾನು ಹಿಡಿದುಕೊಂಡು ಬಂದರೆ ಒಂದೇ ಅರ್ಥ. ಭೂಮಸೂದೆಯ ಕಾಲ, ಉಳುವ ಜಮೀನು ತಮ್ಮದೆಂದು ಒಕ್ಕಲುಗಳು ಡಿಕ್ಲರೇಶನ್ ಹಾಕಿ ಧಣಿಗಳು ನಿದ್ದೆಗೆಟ್ಟ ದಿನಗಳು. ನಾನು ಚೌಕ ಹಿಡಿದು ಪದವಿನಲ್ಲಿ ಓಡಾಡುವುದನ್ನು ಕಂಡು ಆಚೆಯ ತೋಟದ ಗೌಡರು ಎರಡನೆಯ ದಿನವೇ ಸೀಯಾಳ ಹಿಡಿದುಕೊಂಡು ಬಂದರು. “ಬಿಸಿಲು ಜೋರುಂಟು, ಕುಡೀರಿ. ಇದು ಯಾರ ಕೇಸಿನ ಸರ್ವೆ?” ಸರ್ವೆಯಲ್ಲ, ಮೊಲದ ಹಿಕ್ಕೆ ಎಣಿಸುವುದು ಎಂದೆ. ಅವರು ನನ್ನ ಮುಖವನ್ನೇ ನೋಡಿದರು. “ಹೇಳ್ಲಿಕ್ಕಾಗದಿದ್ರೆ ಬೇಡ ಬಿಡಿ,” ಎಂದು ಖಾಲಿ ಬೊಂಡ ಎತ್ತಿಕೊಂಡು ಹೋದರು. ಸರಕಾರ ಇಷ್ಟು ಗುಟ್ಟಾಗಿ ಸರ್ವೆ ಮಾಡುತ್ತಿದೆ ಎಂದು ಅವರಿಗೆ ಇನ್ನೂ ಭಯವಾಯಿತೆಂದು ಕಾಣುತ್ತದೆ. ಆಮೇಲೆ ಸೀಯಾಳ ಬರಲಿಲ್ಲ.

ದರ್ಬೆಯಲ್ಲಿ ಅಪ್ಪನ ಅವಸ್ಥೆ ಬೇರೆ. ಗಂಡಿನ ಕಡೆಯವರು ಬಂದು “ಹುಡುಗಿ ಎಂತ ಮಾಡುದು?” ಎಂದರೆ ಅಪ್ಪ “ರಿಸರ್ಚು” ಎನ್ನುತ್ತಿದ್ದರು. “ಯಾವುದರಲ್ಲಿ?” ಎಂದರೆ “ಕಾಫಿ ತಣಿದೀತು, ತೆಗೆದುಕೊಳ್ಳಿ” ಎನ್ನುತ್ತಿದ್ದರು. ಒಬ್ಬ ವರ ಮಾತ್ರ ಪಟ್ಟು ಹಿಡಿದು ಕೇಳಿ, ನಾನೂ ಪಟ್ಟು ಹಿಡಿದು ಹೇಳಿ, ಆ ಸಂಬಂಧ ಅಲ್ಲಿಗೇ ನಿಂತಿತು.

ಕಡಬ ಪೇಟೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಸೀಮೆಎಣ್ಣೆ ಸ್ಟೌ, ಒಂದು ಚಾಪೆ, ಒಂದು ಟ್ರಂಕು. ಬೆಳಿಗ್ಗೆ ಗಂಜಿ ಬೇಯಿಸಿ, ಡಬ್ಬಿಗೆ ಹಾಕಿಕೊಂಡು, ಚೌಕವನ್ನು ಹೆಗಲಿಗೆ ನೇತುಹಾಕಿ ಮೂರು ಮೈಲಿ ನಡೆಯುವುದು, ಸಂಜೆ ಮೂರು ಮೈಲಿ ವಾಪಸು. ಒಂಟಿತನ ಎಂಬ ಶಬ್ದವನ್ನು ನಾನು ಅಲ್ಲಿಯವರೆಗೆ ಪರೀಕ್ಷೆಯಲ್ಲಿ ಮಾತ್ರ ಬರೆದಿದ್ದೆ. ಶುಕ್ರವಾರ ಸಂಜೆ ಅಂಗಡಿಯವನೊಡನೆ “ಕಾಲು ಕೆಜಿ ಬೆಲ್ಲ” ಎಂದಮೇಲೆ ಸೋಮವಾರದವರೆಗೆ ಬಾಯಿ ತೆರೆಯುವ ಕೆಲಸವಿರಲಿಲ್ಲ. ತಿಂಗಳಿಗೊಮ್ಮೆ ಮನೆಗೆ ಹೋಗುವಾಗ ಕಂಡಕ್ಟರನಿಗೆ “ಪುತ್ತೂರು ಒಂದು” ಎನ್ನಹೋದರೆ ಗಂಟಲಿನಿಂದ ಕಾಗೆಯ ಸ್ವರ ಹೊರಡುತ್ತಿತ್ತು. ಅದಕ್ಕೆ ಪದವಿನಲ್ಲಿ ಗಟ್ಟಿಯಾಗಿ ಎಣಿಸುವ ಅಭ್ಯಾಸ ಮಾಡಿಕೊಂಡೆ, ಸ್ವರ ತುಕ್ಕು ಹಿಡಿಯಬಾರದೆಂದು. ಒಂದು, ಎರಡು, ಮೂರು. ಅಷ್ಟು ದೊಡ್ಡ ಬಯಲಿನಲ್ಲಿ ನನ್ನ ಸ್ವರ ಕೇಳಿ ನನಗೇ ಅಳು ಬಂದದ್ದುಂಟು.

ನಾನು ಯಾರಿಗಾಗಿ ಅಷ್ಟು ಬಿಸಿಲು ತಿಂದೆನೋ ಆ ಮೊಲಗಳು ಮೂರು ವರ್ಷದಲ್ಲಿ ಮೂರು ಸಲ ಕಣ್ಣಿಗೆ ಬಿದ್ದಿರಬಹುದು. ಅವು ಕತ್ತಲಾದ ಮೇಲೆ ಬಂದು ಮೇಯ್ದು ಹೋಗುತ್ತಿದ್ದವು. ಬೆಳಿಗ್ಗೆ ನನಗೆ ಸಿಗುತ್ತಿದ್ದುದು ಕಡಲೆಯಷ್ಟು ದಪ್ಪದ, ಒಣಗಿದರೆ ಹುಲ್ಲಿನ ಪುಡಿಯಾಗುವ ಹಿಕ್ಕೆಗಳು. ನಾವು ಮನೆಯಲ್ಲಿಲ್ಲದಾಗ ಬಂದುಹೋದ ನೆಂಟರ ಹಾಗೆ. ಆದರೂ ನಾನು ಕಿತ್ತ ತುಂಡುಗಳಲ್ಲಿ ಎರಡನೆಯ ಮಳೆ ಕಳೆದ ಮೇಲೆ ಮುಳಿ ತಲೆಯೆತ್ತಿತು, ಹಿಕ್ಕೆಯೂ ಹೆಚ್ಚಿತು. ಮುಟ್ಟದ ಐದು ತುಂಡುಗಳಲ್ಲಿ ನಾನು ಗಿಡಗಳ ದಟ್ಟಣೆಯ ನಡುವೆ ತೆವಳಿಕೊಂಡು ಹೋಗಿ ಚೌಕ ಇಟ್ಟರೆ ಪ್ರತಿ ತಿಂಗಳೂ ಸೊನ್ನೆ. ಸೊನ್ನೆ ಬರೆಯುವಾಗ ನನಗೆ ಆಗುತ್ತಿದ್ದ ಸಂತೋಷ ಯಾವ ಗಣಿತದ ಮೇಷ್ಟ್ರಿಗೂ ಆಗಿರಲಿಕ್ಕಿಲ್ಲ.

ಪದವಿನ ಅಂಚಿನಲ್ಲಿ ಒಂದೇ ಒಂದು ಮನೆಯಿತ್ತು. ಮುಳಿಯ ಮಾಡು, ಮಣ್ಣಿನ ಗೋಡೆ. ಅಲ್ಲಿ ಪೂವಕ್ಕ ಇದ್ದರು. ಐವತ್ತು ದಾಟಿದ ಹೆಂಗಸು, ಗಂಡ ತೀರಿಹೋಗಿದ್ದ, ಮಗನಿಗೆ ಆಗಷ್ಟೇ ಮದುವೆಯಾಗಿತ್ತು. ನನ್ನ ಬೆರಳನ್ನು ಮುಳಿಯ ಅಲಗು ಕೊಯ್ದು ರಕ್ತ ಸುರಿಯುತ್ತಿದ್ದ ದಿನ ಅವರು ಸೊಪ್ಪಿನ ಹೊರೆ ಇಳಿಸಿ ಬಂದು, ಪಕ್ಕದ ಗಿಡದ ನಾಲ್ಕು ಎಲೆ ಅಂಗೈಯಲ್ಲಿ ಉಜ್ಜಿ ರಸ ಹಿಂಡಿದರು. ರಕ್ತ ಕಟ್ಟಿತು. ಯಾವ ಎಲೆ ಎಂದು ನೋಡಿದರೆ ಅದೇ ಕಮ್ಯುನಿಸ್ಟ್ ಗಿಡದ್ದು.

“ಅದನ್ನು ಅಷ್ಟು ದ್ವೇಷ ಮಾಡ್ಬೇಡಿ ಟೀಚರೇ,” ಎಂದರು. “ದನದ ಹಟ್ಟಿಗೆ ಹಾಕ್ಲಿಕ್ಕೆ ಈಗ ಅದೇ ಸೊಪ್ಪು. ಆದ್ರೆ ಮಾಡಿಗೆ ಆಗುದಿಲ್ಲ ನೋಡಿ. ಮುಳಿ ತರ್ಲಿಕ್ಕೆ ನಾವೀಗ ಎರಡು ಗುಡ್ಡ ದಾಟಿ ಹೋಗುದು.”

ಓದಿದ ಹೆಣ್ಣೆಲ್ಲ ಅಲ್ಲಿ ಟೀಚರೇ. ನಾನು ಟೀಚರಲ್ಲ ಎಂದು ಒಂದೆರಡು ಸಲ ಹೇಳಿ ಸೋತೆ. ಪೂವಕ್ಕನ ಮನೆಮಾತು ತುಳು, ನನಗೂ ತುಳು ಚೆನ್ನಾಗಿ ಬರುತ್ತದೆ. ಆದರೆ ಟೀಚರ ಹತ್ತಿರ ತುಳು ಮಾತಾಡುವುದೇ ಎಂದು ಅವರು ಕನ್ನಡ ಬಿಡಲಿಲ್ಲ. ದಾರಿಯಲ್ಲಿ ಸಿಕ್ಕ ದನಕ್ಕೂ ತುಳುವಿನಲ್ಲಿ ಬೈಯುತ್ತಿದ್ದವರು ನನ್ನ ಕಡೆ ತಿರುಗಿದ ಕೂಡಲೇ ಗೌರವದ ಕನ್ನಡಕ್ಕೆ ಇಳಿಯುತ್ತಿದ್ದರು. ಆ ಗೌರವ ನನಗೆ ಎಷ್ಟು ಚುಚ್ಚುತ್ತಿತ್ತೆಂದು ಅವರಿಗೆ ಗೊತ್ತಿರಲಿಲ್ಲ.

ಕೆಲವು ಸಲ ಹೊರೆ ಇಳಿಸಿ, ನಾನು ಗಿಡ ಕೀಳುವುದನ್ನು ನೋಡುತ್ತ ನಿಲ್ಲುತ್ತಿದ್ದರು. “ಒಬ್ಬರೇ ಎಷ್ಟೂಂತ ಮಾಡುದು ನೀವು? ಐದು ಆಯ್ತು. ಇನ್ನು ಐದು ಹಾಗೇ ಉಂಟಲ್ಲ.”

“ಅದು ಹಾಗೇ ಇರಲಿ ಪೂವಕ್ಕ,” ಎನ್ನುತ್ತಿದ್ದೆ, ಅಷ್ಟೆ. ಯಾಕೆ ಹಾಗೇ ಇರಬೇಕು ಎಂದು ಹೇಳಲಿಲ್ಲ. ಹೇಳಿದರೆ ಅವರಿಗೆಲ್ಲಿ ಅರ್ಥವಾದೀತು ಎಂಬ ಕೊಬ್ಬು ನನ್ನದು. ಎರಡು ಬಗೆಯ ಗೊಬ್ಬರ ಹಾಕಿ ಯಾವುದು ಹಿಡಿಯಿತೆಂದು ನೋಡುವ ಹೆಂಗಸಿಗೆ ಎರಡು ಮಾತಿನಲ್ಲಿ ಅರ್ಥವಾಗುತ್ತಿತ್ತು. ನನ್ನ ಧ್ವನಿಯನ್ನು ಅವರು ದಣಿವು ಎಂದು ತಿಳಿದರು. ಪಾಪ, ಒಂಟಿ ಹೆಣ್ಣು, ಅರ್ಧ ಕೆಲಸಕ್ಕೇ ಕೈಸೋತು ಕೂತಿದ್ದಾಳೆ ಎಂದು.

ಮೂರನೆಯ ಮಳೆಗಾಲ ಮುಗಿಯಿತು. ಚಳಿಗಾಲದ ಕೊನೆಯ ಎಣಿಕೆಯೊಂದು ಆದರೆ ನನ್ನ ಪ್ರಬಂಧಕ್ಕೆ ಬೇಕಾದದ್ದೆಲ್ಲ ಕೈಸೇರಿದ ಹಾಗೆ. ಅಷ್ಟರಲ್ಲಿ ಜ್ವರ ಬಂತು. ಎರಡು ದಿನ ಕೋಣೆಯ ಬಾಗಿಲು ಹಾಕಿ ಮಲಗಿದ್ದೆ. ಮೂರನೆಯ ಮಧ್ಯಾಹ್ನ ಪೂವಕ್ಕ ಮೂರು ಮೈಲಿ ನಡೆದು ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ಕಷಾಯ ತುಂಬಿದ ಉಗ್ಗ. ಹಣೆ ಮುಟ್ಟಿ ನೋಡಿದ ಗಾಬರಿಗೆ ಕನ್ನಡವೂ ಮರೆತುಹೋಯಿತು, ಟೀಚರ್ ಎನ್ನುವುದೂ ಮರೆತುಹೋಯಿತು.

“ಒಣಸ್ ಆಂಡಾ ಮಗಾ?” ಎಂದರು.

ಊಟ ಆಯಿತೇ ಎಂದು ನಮ್ಮ ಕಡೆ ಯಾರು ಯಾರನ್ನಾದರೂ ಕೇಳುತ್ತಾರೆ. ಆದರೆ ಮೂರು ವರ್ಷದಲ್ಲಿ ಆ ಊರಿನಲ್ಲಿ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ, ಕಣ್ಣೀರು ಕಾಣಬಾರದೆಂದು. ಕೆಲಸ ಬಾಕಿ ಉಳಿಯಿತಲ್ಲ ಪೂವಕ್ಕ ಎಂದು ಜ್ವರದ ಬಾಯಲ್ಲಿ ಬಡಬಡಿಸಿದೆನಂತೆ. ಅದರ ಯೋಚನೆ ಮಾಡಬೇಡ, ನಾವಿಲ್ಲವಾ ಎಂದರಂತೆ ಅವರು. ಬಸ್ಸಿನವರ ಮೂಲಕ ಸುದ್ದಿ ಮುಟ್ಟಿ ಮರುದಿನ ಅಪ್ಪ ಬಂದು ನನ್ನನ್ನು ದರ್ಬೆಗೆ ಕರೆದುಕೊಂಡು ಹೋದರು.

ಎರಡು ವಾರ ಕಳೆದು ನಾನು ಚೌಕ ಹಿಡಿದು ಪದವಿಗೆ ಹತ್ತಿದಾಗ ಪೂವಕ್ಕ ಮತ್ತು ಇನ್ನೈದು ಹೆಂಗಸರು ಸೊಪ್ಪು ಕಡಿಯಲು ಬಂದವರು ಅಲ್ಲೇ ನಿಂತಿದ್ದರು. ಎಲ್ಲರ ಮುಖದಲ್ಲೂ ನಗು. ಪೂವಕ್ಕ ಕೈ ಬೀಸಿ ತೋರಿಸಿದರು.

“ನೋಡಿ ಟೀಚರೇ. ಹತ್ತೂ ಆಯ್ತು!”

ಮುಟ್ಟಬಾರದ ಐದು ತುಂಡುಗಳೂ ಬೋಳಾಗಿದ್ದವು. ಕಾಟಾಚಾರಕ್ಕೆ ಕಡಿದದ್ದಲ್ಲ. ನಾನು ಕೀಳುವುದನ್ನು ನೋಡಿ ಕಲಿತದ್ದಕ್ಕೆ ಒಂದೊಂದು ಗಿಡವನ್ನೂ ಬೇರು ಸಮೇತ ಎಬ್ಬಿಸಿ, ಮಣ್ಣು ಕೊಡವಿ, ಒಂದು ಮೂಲೆಯಲ್ಲಿ ಒಟ್ಟಿದ್ದರು. ಓರೆಯಾಗಿದ್ದ ಮೂಲೆಗಲ್ಲುಗಳನ್ನು ನೆಟ್ಟಗೆ ಮಾಡಿ ನಿಲ್ಲಿಸಿದ್ದರು. ಆರು ಜನ, ನಾಲ್ಕು ದಿನದ ಕೆಲಸ. ನನ್ನ ಕೈಯಿಂದ ಇಷ್ಟು ಚೊಕ್ಕ ಕೆಲಸ ಮೂರು ವರ್ಷದಲ್ಲಿ ಒಂದು ದಿನವೂ ಆಗಿರಲಿಲ್ಲ.

ನಾನು ಅಲ್ಲೇ ಕುಸಿದು ಕೂತು ಅತ್ತೆ. ಅವರು ಅದನ್ನು ಸಂತೋಷವೆಂದು ತಿಳಿದರು.

“ಅಯ್ಯೋ, ಎಂತಕ್ಕೆ ಅಳುದು ಮಾರಾಯ್ರೆ? ಇದು ಪುಕ್ಕಟೆ ಅಲ್ಲ, ಮುಯ್ಯಿ,” ಎಂದು ಪೂವಕ್ಕ ನಕ್ಕರು. “ಬರುವ ತಿಂಗಳು ನಮ್ಮ ಮಾಡಿಗೆ ಮುಳಿ ಹೊದಿಸ್ಲಿಕ್ಕುಂಟು. ಎಲ್ಲರೂ ಬರ್ತಾರೆ. ನೀವೂ ಬಂದು ಒಂದು ದಿನ ಮುಳಿ ಎತ್ತಿಕೊಟ್ರೆ ಸರಿ ಆಯ್ತು. ಊಟ ನಮ್ಮಲ್ಲೇ.”

ಇವತ್ತು ನಾನು ನಿನ್ನ ಕೆಲಸಕ್ಕೆ, ನಾಳೆ ನೀನು ನನ್ನ ಕೆಲಸಕ್ಕೆ. ಅಲ್ಲಿಯ ಬಡವರ ಮನೆಯ ದೊಡ್ಡ ಕೆಲಸಗಳೆಲ್ಲ ನಡೆಯುತ್ತಿದ್ದುದು ಹೀಗೆ, ಮುಯ್ಯಿಯಲ್ಲಿ. ಮುಯ್ಯಿ ಹೇಳುವುದು ತಮ್ಮವರಿಗೆ ಮಾತ್ರ. ಅವರು ನನ್ನನ್ನು ತಮ್ಮವರ ಸಾಲಿಗೆ ಸೇರಿಸುತ್ತಿದ್ದರು. ಅದು ಆ ಕ್ಷಣ ನನ್ನ ತಲೆಗೆ ಹೋಗಲೇ ಇಲ್ಲ. ಬರುತ್ತೇನೆ ಎಂದೆ, ಬಾಯಿಮಾತಿಗೆ.

ಕೋಣೆಗೆ ಬಂದು ನೋಟು ಪುಸ್ತಕ ತೆರೆದೆ. ಕೊನೆಯ ತಿಂಗಳ ಕಾಲಂ ಖಾಲಿ. ಮುಟ್ಟದ ತುಂಡುಗಳ ಮುಂದೆ ಇಷ್ಟು ದಿನವೂ ಸೊನ್ನೆಯೇ ಬಂದಿತ್ತು. ಇನ್ನೊಂದು ಸಲ ಎಣಿಸಿದ್ದರೂ ಸೊನ್ನೆಯೇ ಬರುತ್ತಿತ್ತು. ಐದು ಸೊನ್ನೆ ಬರೆದರೆ ಮುಗಿಯಿತು, ಕೇಳುವವರಿಲ್ಲ. ನಾಲ್ಕು ದಿನ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು. ಐದನೆಯ ದಿನ ಗುರುಗಳಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರ ಕಾರ್ಡು ಬಂತು. ನಿಜ ಹೇಳಿದ್ದು ಒಳ್ಳೆಯದಾಯಿತು, ಕೊನೆಯ ಹೋಲಿಕೆಯೇ ಇಲ್ಲದ ಲೆಕ್ಕವನ್ನು ಒಪ್ಪಲಾಗದು, ಹೊಸ ಜಾಗ ಹುಡುಕು, ಇನ್ನು ಮೂರು ಮಳೆಗಾಲ ಎಂದಿದ್ದರು.

ಇನ್ನು ಮೂರು ಮಳೆಗಾಲ! ಮೂರು ದಿನವೂ ನನ್ನಿಂದ ಆಗುವ ಹಾಗಿರಲಿಲ್ಲ. ಮನೆಗೆ ಹೋಗುವುದೆಂದು ನಿಶ್ಚಯ ಮಾಡಿದೆ. ಸುಳ್ಳು ಸೊನ್ನೆ ಬರೆಯಲಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಪೂವಕ್ಕನ ಮೇಲೆ ಮಾತ್ರ ಒಳಗೊಳಗೇ ಕುದಿಯುತ್ತಿದ್ದೆ. ಯಾರು ಹೇಳಿದ್ದು ಇವರಿಗೆ ಸಹಾಯ ಮಾಡಿ ಎಂದು? ಸತ್ಯ ಹೇಳಿ ಅವರ ಮುಖ ಬಾಡಿಸುವ ಧೈರ್ಯವೂ ಇಲ್ಲ, ಸತ್ಯ ನುಂಗಿಕೊಂಡು ಅವರ ಮಾಡಿಗೆ ಮುಳಿ ಎತ್ತಿಕೊಡುವ ಮನಸ್ಸೂ ಇಲ್ಲ.

ಮಾಡು ಹೊದಿಸುವ ದಿನ ಭಾನುವಾರ ಎಂದು ಪೂವಕ್ಕ ಎರಡು ಸಲ ಹೇಳಿಕಳಿಸಿದ್ದರು. ನಾನು ಆ ಭಾನುವಾರ ಬೆಳಗಿನ ಬಸ್ಸಿಗೆ ಹೊರಟೆ. ಬೇಕೆಂದೇ ಆ ದಿನ ಆರಿಸಿದೆನೇ ಎಂದು ಈಗ ಕೇಳಿದರೆ ಹೌದೆನ್ನಬೇಕಾಗುತ್ತದೆ. ಟ್ರಂಕು, ಚಾಪೆ, ಅದರ ಮೇಲೆ ಚೌಕ, ಎಲ್ಲವನ್ನೂ ಕಂಡಕ್ಟರ್ ಬಸ್ಸಿನ ಮೇಲೆ ಕಟ್ಟಿಸಿದ. ಪದವಿಗೆ ದಾರಿ ಒಡೆಯುವ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ರಸ್ತೆಯ ಬದಿಯಲ್ಲಿ ತಲೆಯ ಮೇಲೆ ಮುಳಿಯ ಕಟ್ಟು ಹೊತ್ತ ಹೆಂಗಸರ ಸಾಲು, ಎಲ್ಲರಿಗಿಂತ ಮುಂದೆ ಪೂವಕ್ಕ. ನಾನು ಕಾಲಬುಡದ ಚೀಲದಲ್ಲಿ ಏನೋ ಹುಡುಕುವವಳಂತೆ ಬಗ್ಗಿದೆ. ಬಸ್ಸು ವೇಗ ಹಿಡಿಯುವವರೆಗೆ ತಲೆ ಎತ್ತಲಿಲ್ಲ.

ಆಮೇಲಿನ ಕತೆಯಲ್ಲಿ ಹೇಳುವಂಥದ್ದಿಲ್ಲ. ಬಿ.ಎಡ್. ಮಾಡಿದೆ, ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಪೂವಕ್ಕನ ಬಾಯಿ ಹರಕೆಯೋ ಏನೋ, ಕೊನೆಗೆ ಟೀಚರೇ ಆದೆ. ಮದುವೆಯ ಮಾತು ತಾನಾಗಿಯೇ ನಿಂತಿತು. ಅಪ್ಪ ತೀರಿಹೋದರು. ಶಾಲೆಯಲ್ಲಿ ದಿನವಿಡೀ ಗಲಾಟೆ, ಮನೆಗೆ ಬಂದು ಬೀಗ ತೆಗೆದರೆ ಬೀಗದ ಶಬ್ದವೊಂದೇ. ಅಭ್ಯಾಸವಾಗಿದೆ ಎಂದು ಹೇಳುತ್ತೇನೆ, ಅಷ್ಟೇನೂ ಆಗಿಲ್ಲ.

ಎಂಟು ವರ್ಷದ ಮೇಲೆ ಪರೀಕ್ಷೆಯ ಡ್ಯೂಟಿಗೆಂದು ನನ್ನನ್ನು ಕಡಬಕ್ಕೆ ಹಾಕಿದರು. ಕೊನೆಯ ದಿನ ಉತ್ತರಪತ್ರಿಕೆಗಳ ಕಟ್ಟು ಹೋದ ಮೇಲೆ ಕಾಲು ತಾನಾಗಿಯೇ ಆ ದಾರಿ ಹಿಡಿಯಿತು. ಪದವಿನ ತುಂಬ ಮತ್ತೆ ಅದೇ ಗಿಡ, ತಲೆಗಿಂತ ಎತ್ತರ. ನನ್ನ ಹತ್ತು ತುಂಡುಗಳಲ್ಲಿ ಒಂದೂ ಗುರುತು ಸಿಗಲಿಲ್ಲ. ಒಂದು ಮೂಲೆಗಲ್ಲು ಮಾತ್ರ ಸಿಕ್ಕಿತು, ನೆಟ್ಟಗೆ ನಿಂತಿತ್ತು.

ಪೂವಕ್ಕನ ಮನೆಗೆ ಹಂಚು ಬಂದಿತ್ತು. ಅಂಗಳದಲ್ಲಿ ಸೊಪ್ಪು ಹರಡುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿ, “ಟೀಚರ್ ಅಲ್ವಾ?” ಎಂದಳು. ಪೂವಕ್ಕನ ಸೊಸೆ ಲೀಲಾ. ನಾನಿದ್ದಾಗ ಮದುಮಗಳಾಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದವಳು.

“ಪೂವಕ್ಕ?”

“ಅತ್ತೆ ಹೋಗಿ ಎರಡು ವರ್ಷ ಆಯ್ತು ಟೀಚರ್.”

ಜಗಲಿಯಲ್ಲಿ ಕೂತೆ. ಲೀಲಾ ನೀರು ಬೆಲ್ಲ ತಂದಿಟ್ಟಳು. ನಾನು ಹೋದ ಮೇಲೂ ಒಂದು ವರ್ಷ ಪೂವಕ್ಕ ಆ ಹತ್ತೂ ತುಂಡುಗಳಲ್ಲಿ ಮೊಳೆತ ಗಿಡ ಕೀಳಿಸಿದರಂತೆ, ಟೀಚರ್ ಬಂದು ಕೇಳಿದರೆ ಎಂತ ಹೇಳುವುದು ಎಂದು. ಮರು ವರ್ಷ ಮಾಡಿಗೆ ಬೇಕಾದ ಮುಳಿಯಲ್ಲಿ ಅರ್ಧ ಅಲ್ಲಿಂದಲೇ ಸಿಕ್ಕಿತಂತೆ. ನನ್ನ ಪ್ರಶ್ನೆಗೆ ಉತ್ತರ ಬಂದದ್ದು ಹೀಗೆ. ಅದನ್ನು ಬರೆದುಕೊಳ್ಳಲು ನಾನು ಅಲ್ಲಿರಲಿಲ್ಲ.

ಕೊನೆಗೆ ಬಾಯಿಬಿಟ್ಟೆ. “ಅವತ್ತು ಮಾಡು ಹೊದಿಸುವ ದಿನ ನಾನು ಬರಲಿಲ್ಲ, ಲೀಲಾ. ನಿಮ್ಮನ್ನೆಲ್ಲ ರಸ್ತೆಯಲ್ಲಿ ನೋಡಿದೆ. ಬಸ್ಸಿನಲ್ಲಿದ್ದೆ. ತಲೆ ಬಗ್ಗಿಸಿಕೊಂಡೆ.”

“ಗೊತ್ತುಂಟು,” ಎಂದಳು ಲೀಲಾ, ಸಹಜವಾಗಿ. “ನಾವೂ ನೋಡಿದ್ದೇವಲ್ಲ. ಬಸ್ಸಿನ ಮೇಲೆ ನಿಮ್ಮ ಚೌಕ ಇತ್ತು.”

ಬಾಯಿಗೆ ಹಾಕಹೊರಟ ಬೆಲ್ಲದ ತುಂಡನ್ನು ಕೆಳಗಿಟ್ಟೆ.

“ನಾನು ಹೇಳಿದೆ, ಟೀಚರ್ ಹೋದ್ರು ಅಂತ. ಅತ್ತೆ ಒಪ್ಪಲೇ ಇಲ್ಲ. ಕೆಲಸ ಮುಗೀತಲ್ಲ, ಸಾಮಾನು ಮುಂದೆ ಕಳಿಸಿದ್ದಾಗಿರ್ಬೇಕು, ಟೀಚರ್ ನಡ್ಕೊಂಡು ಬರ್ತಾರೆ ಅಂದ್ರು. ಮಧ್ಯಾಹ್ನ ಎಲ್ಲರ ಎಲೆಯ ಜೊತೆ ನಿಮಗೂ ಒಂದು ಹಾಕಿಸಿದ್ರು. ಎಲ್ಲರದ್ದೂ ಊಟ ಆಯ್ತು, ಅತ್ತೆ ಕೂತ್ಕೊಳ್ಳಲಿಲ್ಲ. ಅವರು ಬರ್ಲಿ, ಒಟ್ಟಿಗೆ ಉಣ್ತೇನೆ ಅಂತ. ಮಾಡಿನ ಕೆಲಸ ಮುಗಿದು ಎಲ್ಲರೂ ಹೋಗುವವರೆಗೆ ಹಾಗೇ ಇದ್ರು.”

ಮೂರು ವರ್ಷ ಆ ಪದವಿನಲ್ಲಿ ನನ್ನನ್ನು ಕಾಯುವವರು ಯಾರೂ ಇಲ್ಲವೆಂದು ಅತ್ತಿದ್ದೆ.

ಲೀಲಾ ಒಳಗೆ ಹೋದವಳು ಬಾಳೆಲೆ ಹಿಡಿದು ಬಂದಳು. “ಒಣಸ್ ಆಂಡಾ ಟೀಚರ್?” ಎಂದಳು. ಆಗಿಲ್ಲ ಎಂದೆ. ಗಂಟೆ ನಾಲ್ಕಾಗಿತ್ತು. ಅವಳದ್ದೂ ಆಗಿತ್ತೋ ಇಲ್ಲವೋ, ನನ್ನ ಎದುರಿಗೆ ಇನ್ನೊಂದು ಎಲೆ ಹಾಕಿಕೊಂಡು ಕೂತಳು. ಬಡಿಸಿದ್ದನ್ನೆಲ್ಲ ಉಂಡೆ.

ಆಚಾರಿ ಹಂಚಿನ ಕೆಲಸ ಮುಗಿಸಿ ಹೋಗುವಾಗ ಗೋಡೆಗೊರಗಿದ್ದ ಚೌಕವನ್ನು ತೋರಿಸಿ, “ಹಪ್ಪಳಕ್ಕೆ ಇನ್ನು ಇದು ಆಗ್ಲಿಕ್ಕಿಲ್ಲ ಅಮ್ಮಾ, ಒಲೆಗೆ ಹಾಕ್ಲಾ?” ಎಂದ. ಬೇಡ, ಇದ್ದಲ್ಲೇ ಇಡು ಎಂದೆ. ಅದು ಬಸ್ಸಿನ ಮೇಲೆ ಹೋಗುವುದನ್ನು ಕಣ್ಣಾರೆ ಕಂಡ ಮೇಲೂ ನಾನು ಬಂದೇ ಬರುತ್ತೇನೆಂದು ಒಬ್ಬರು ಉಣ್ಣದೆ ಕಾದಿದ್ದರು.